ಐಟಿಐ ಫಿಟ್ಟರ್‌ಗೆ ಮೊದಲ ಇಂಟರ್‌ವ್ಯೂ: ಏನು ಕೇಳ್ತಾರೆ, ಏನು ತಗೊಂಡು ಹೋಗಬೇಕು?

ಪ್ರಶ್ನೆ: ಈ ವರ್ಷ ಐಟಿಐ ಫಿಟ್ಟರ್ ಪಾಸಾಗಿದೆ. ಊರು ಗುಬ್ಬಿ ಹತ್ತಿರ. ಪೀಣ್ಯದ ಒಂದು ಮಷಿನಿಂಗ್ ಕಂಪನಿಗೆ ಬಯೋಡೇಟಾ ಕಳಿಸಬೇಕು. ಇಂಟರ್‌ವ್ಯೂ ಜೊತೆ ಪ್ರಾಕ್ಟಿಕಲ್ಲೂ ಇರುತ್ತಂತೆ. ಇಂಗ್ಲಿಷ್ ಅಷ್ಟಕ್ಕಷ್ಟೆ. ಗೊತ್ತಿರೋ ಅಣ್ಣಂದಿರು, ಅಕ್ಕಂದಿರು ಹೇಳಿ.

ಟೂಲ್ ರೂಮ್ ಸೂಪರ್‌ವೈಸರ್: ತಮ್ಮಾ, ಇಂಗ್ಲಿಷ್ ಚಿಂತೆ ಬಿಡು. ಶಾಪ್ ಫ್ಲೋರ್‌ನವರು ಇಂಟರ್‌ವ್ಯೂಗೆ ಕೂತರೆ ಕೈಗೆ ವರ್ನಿಯರ್ (ಮಿಲಿಮೀಟರ್‌ಗಿಂತ ಸಣ್ಣ ಭಾಗವನ್ನೂ ಅಳೆಯೋ ಸಾಧನ) ಕೊಟ್ಟು ಅಳತೆ ಹೇಳು ಅಂತಾರೆ. ನೀನು ಅದನ್ನ ಹಿಡಿಯೋ ರೀತಿಯಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತೆ. ಮೊದಲು ಜಾ (ಅಳೆಯುವಾಗ ಹಿಡಿಯೋ ದವಡೆ) ಒರೆಸು, ಮುಚ್ಚಿ ಝೀರೋ ಕೂಡ್ತಾ ನೋಡು. ವರ್ನಿಯರ್‌ನ ಸೊನ್ನೆ ಬಲಕ್ಕೆ ಸರಿದಿದ್ದರೆ ಅಷ್ಟನ್ನ ರೀಡಿಂಗ್‌ನಿಂದ ಕಳೀಬೇಕು. ಅಳೆಯೋ ತುಂಡಿನ ಅಂಚಲ್ಲಿ ಬರ್ (ಕತ್ತರಿಸಿದಾಗ ಉಳಿಯೋ ಚೂಪು ಚೂರು) ಇದ್ದರೆ ಅರದಿಂದ ತೆಗೀಲಾ ಅಂತ ಕೇಳು, ಇಲ್ಲದಿದ್ದರೆ ಅಳತೆ ಜಾಸ್ತಿ ಬರುತ್ತೆ. ಮೇನ್ ಸ್ಕೇಲ್ 23, ವರ್ನಿಯರ್‌ನಲ್ಲಿ 17ನೇ ಗೆರೆ ಕೂಡಿದೆ ಅಂದ್ಕೋ. ಲೀಸ್ಟ್ ಕೌಂಟ್ (ಸಾಧನ ಅಳೆಯಬಲ್ಲ ಅತಿ ಸಣ್ಣ ಅಳತೆ) 0.02 ಇದ್ದರೆ 17 × 0.02 = 0.34 ಸೇರಿಸಿ 23.34 ಮಿಮೀ. ಜೋರಾಗಿ ಒತ್ತಬೇಡ, ಓರೆಯಾಗಿ ನೋಡಬೇಡ.

ಮೈಕ್ರೋಮೀಟರ್‌ನಲ್ಲಿ ಹುಡುಗರು ಎಡವೋದು ಒಂದೇ ಕಡೆ: ಸ್ಲೀವ್ (ತಿರುಗದ ಕೊಳವೆ ಭಾಗ) ಮೇಲಿನ ಅರ್ಧ ಮಿಲಿಮೀಟರ್ ಗೆರೆ ಕಣ್ಣು ತಪ್ಪುತ್ತೆ, ಉತ್ತರ ಸರಿಯಾಗಿ 0.50 ಕಡಿಮೆ ಬರುತ್ತೆ. ಮುಟ್ಟಿಸುವಾಗ ತುದಿಯ ಸಣ್ಣ ಹಿಡಿಯಾದ ರ‍್ಯಾಚೆಟ್ ಹಿಡ್ಕೊಂಡೇ ತಿರುಗಿಸು, ಥಿಂಬಲ್ (ತಿರುಗೋ ದಪ್ಪ ಭಾಗ) ಹಿಡಿದು ಬಿಗೀಬೇಡ.

ಬಾಯಿಪ್ರಶ್ನೆಯಲ್ಲಿ ಟ್ಯಾಪಿಂಗ್ (ತೂತಿನೊಳಗೆ ಥ್ರೆಡ್ ಕತ್ತರಿಸೋದು) ಕೇಳದೆ ಬಿಡೋದು ಕಡಿಮೆ. ಎಂ10 ಅಂದರೆ 10 ಮಿಮೀ ಥ್ರೆಡ್; ಅದರ ಪಿಚ್ (ಎರಡು ಥ್ರೆಡ್ ನಡುವಿನ ಅಂತರ) 1.5, ಅದನ್ನ 10ರಿಂದ ಕಳೆದು 8.5 ಡ್ರಿಲ್. ಎಂ8ಕ್ಕೆ ಪಿಚ್ 1.25, ಲೆಕ್ಕಕ್ಕೆ 6.75, ಹಾಕೋದು 6.8. ಡ್ರಿಲ್ ಸಣ್ಣದಾದರೆ ಟ್ಯಾಪ್ ಮುರಿಯುತ್ತೆ, ದೊಡ್ಡದಾದರೆ ಥ್ರೆಡ್ ನಿಲ್ಲಲ್ಲ. ಮುಂದಕ್ಕೆ ತಿರುಗಿಸ್ತಾ ನಡುನಡುವೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಚಿಪ್ ಮುರೀಬೇಕು ಅನ್ನೋದನ್ನೂ ಸೇರಿಸಿ ಹೇಳು.

ಎಚ್‌ಆರ್‌ನಲ್ಲಿರುವವರು: ಬಯೋಡೇಟಾ ಒಂದೇ ಪುಟ ಸಾಕು. ಟ್ರೇಡ್, ಪಾಸಾದ ವರ್ಷ, ನೀವೇ ಕೈಯಾರೆ ಓಡಿಸಿರೋ ಮಷಿನ್, ಬಳಸಿರೋ ಅಳತೆ ಸಾಧನ, ಫೋನ್ ನಂಬರ್. ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡೋ ಮಷಿನ್) ಬರೀ ನೋಡಿದ್ದರೆ ‘ಸಿಎನ್‌ಸಿ ಗೊತ್ತು’ ಅಂತ ಬರೀಬೇಡಿ. ಅದರ ಪ್ರೋಗ್ರಾಂ ಕೋಡ್‌ಗಳಾದ ಜೀ00ಕ್ಕೂ ಜೀ01ಕ್ಕೂ ಏನು ವ್ಯತ್ಯಾಸ ಅಂದ ತಕ್ಷಣ ಸಿಕ್ಕಿಬೀಳ್ತೀರಿ. ಹವ್ಯಾಸ, ‘ನನ್ನ ಗುರಿ’ ಎಲ್ಲಾ ಯಾರೂ ಓದಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಹೊಡೆದು ಕಳಿಸೋ ಬದಲು ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರು, ಟ್ರೇಡ್ ಇಡಿ.

ಸೇರುವಾಗ ತೊಂದರೆ ಆಗೋದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಪಿಎಫ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಈಗಲೇ ಸರಿ ಮಾಡಿಸಿ. ಆಧಾರ್‌ನಲ್ಲಿ ಹೆಸರು ತಿದ್ದಿಸೋಕೆ ಎರಡೇ ಸಲ ಅವಕಾಶ, ಸ್ಪೆಲ್ಲಿಂಗ್ ಮಾರ್ಕ್ಸ್ ಕಾರ್ಡ್ ನೋಡ್ಕೊಂಡೇ ಕೊಡಿ. ಎರಡು ಸೆಟ್ ಜೆರಾಕ್ಸ್, ನಾಲ್ಕು ಫೋಟೋ ಇರಲಿ. ಒರಿಜಿನಲ್ ತೋರಿಸಿ ವಾಪಸ್ ತಗೊಳ್ಳಿ, ಯಾರ ಹತ್ತಿರವೂ ಬಿಟ್ಟು ಬರಬೇಡಿ. ‘ಡೆಪಾಸಿಟ್’, ‘ಯೂನಿಫಾರ್ಮ್ ಚಾರ್ಜ್’ ಅಂತ ಮೊದಲೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪ್ರೊಡಕ್ಷನ್ ಲೈನ್‌ನವರು: ಕೆಲಸ ಯಾರ ರೋಲ್ ಮೇಲೆ ಅಂತ ಕೇಳು. ಕಂಪನಿ ರೋಲಾ, ಕಾಂಟ್ರಾಕ್ಟರ್ ರೋಲಾ, ಅಪ್ರೆಂಟಿಸಾ? ಅಪ್ರೆಂಟಿಸ್ ಆದರೆ ಸಿಗೋದು ಸ್ಟೈಪೆಂಡ್, ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿಲ್ಲ. ಆದರೂ ನಂತರದ ಪರೀಕ್ಷೆ ಬರೆದು ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್) ಸರ್ಟಿಫಿಕೇಟ್ ತಗೊಂಡರೆ ರೈಲ್ವೆಗೆಲ್ಲ ಅರ್ಜಿ ಹಾಕುವಾಗ ಬೆಲೆ ಇದೆ. ಸಂಬಳ ಹೇಳಿದರೆ ಕೈಗೆಷ್ಟು ಅಂತ ಕೇಳು. ಒಟ್ಟು 15,000, ಅದರಲ್ಲಿ ಬೇಸಿಕ್ 12,000 ಅಂದರೆ ಪಿಎಫ್ 1,440, ಇಎಸ್‌ಐ ನೂರರ ಆಸುಪಾಸು ಹೋಗಿ ಸುಮಾರು 13,450. ಇದರಲ್ಲೇ ರೂಮ್ ಬಾಡಿಗೆ. ನೈಟ್ ಶಿಫ್ಟ್ ಮುಗಿದಾಗ ಬಸ್ ಇದೆಯಾ ಅನ್ನೋದನ್ನೂ ಕೇಳು, ನಾಚಿಕೆ ಏನಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ನಮ್ಮ ಐಟಿಐನಲ್ಲಿ ವರ್ನಿಯರ್ ಸರದಿ ಬರೋದೇ ಅಪರೂಪ ಇತ್ತು. ಈಗ ಪ್ರಾಕ್ಟೀಸ್ ಎಲ್ಲಿ ಮಾಡಲಿ?

ಟೂಲ್ ರೂಮ್ ಸೂಪರ್‌ವೈಸರ್: ಗುಬ್ಬಿ ಅಥವಾ ತುಮಕೂರಿನ ಯಾವುದಾದ್ರೂ ಲೇತ್ ಶಾಪ್‌ನಲ್ಲಿ ಕೇಳಿ ನೋಡು. ಗ್ಯಾರೇಜ್‌ನಿಂದ ಹಳೇ 6204 ನಂಬರಿನ ಬೇರಿಂಗ್ ಒಂದು ತಗೋ, ಗ್ರೀಸ್ ಒರೆಸಿ ಅಳತೆ ಮಾಡು. ಒಳಗಿನ ವ್ಯಾಸ 20, ಹೊರಗಿನದು 47, ಅಗಲ 14 ಮಿಮೀ ಬರಬೇಕು. ಬರಲಿಲ್ಲ ಅಂದ್ರೆ ಮೊದಲು ಝೀರೋ ನೋಡು, ಆಮೇಲೆ ಒಳಗಿನ ಜಾ ನೆಟ್ಟಗೆ ಕೂತಿದೆಯಾ ನೋಡು.