ಮನೆಯಲ್ಲಿ ತೋಟಾ ತುಂಬುವಾಗ ಪೌಡರ್ ಲೆಕ್ಕಕ್ಕೆ ಯಾವುದನ್ನು ನಂಬಬೇಕು?

ಪ್ರಶ್ನೆ: ಊರು ಮಡಿಕೇರಿ ಹತ್ತಿರ, ಈಗ ಇರೋದು ಟೆಕ್ಸಾಸ್‌ನಲ್ಲಿ. ನನ್ನ .308 ರೈಫಲ್‌ಗೆ ತೋಟಾ ರೀಲೋಡ್ ಮಾಡಲು, ಅಂದರೆ ಹಾರಿಸಿದ ಖಾಲಿ ಕೇಸಿಗೆ ಮತ್ತೆ ಪೌಡರ್, ಬುಲೆಟ್ ತುಂಬಲು ಕಲಿಯುತ್ತಿದ್ದೇನೆ. ಒಂದೇ ತೂಕದ ಬುಲೆಟ್ಟಿಗೆ ಎಷ್ಟು ಪೌಡರ್ ಹಾಕಬೇಕು ಅಂತ ಎರಡು ಪುಸ್ತಕದಲ್ಲಿ ಎರಡು ಲೆಕ್ಕ ಇದೆ. ಯಾವುದು ಸರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಎರಡೂ ಸರಿ ಇರಬಹುದು ಸರ್. ಪುಸ್ತಕದ ಲೆಕ್ಕ ಪೌಡರ್ ಒಂದರದ್ದೇ ಅಲ್ಲ. ಅವರು ಯಾವ ಕೇಸ್ (ತೋಟಾದ ಲೋಹದ ಕವಚ), ಯಾವ ಪ್ರೈಮರ್ (ಕೇಸಿನ ತಳದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ), ಯಾವ ಬುಲೆಟ್, ಎಷ್ಟು ಉದ್ದದ ಬ್ಯಾರಲ್ ಇಟ್ಟು ಪರೀಕ್ಷೆ ಮಾಡಿದರೋ ಅದೆಲ್ಲ ಸೇರಿದ ಲೆಕ್ಕ ಅದು. ಟೇಬಲ್ ಮೇಲಿನ ಸಣ್ಣ ಅಕ್ಷರಗಳನ್ನು ಮೊದಲು ಓದಿ.

ಇದನ್ನು ನಾನು ಕಲಿತದ್ದು ಭಯಪಟ್ಟು. ಅಚ್ಚಾದ ಪುಸ್ತಕದ ಲೆಕ್ಕವನ್ನೇ ಹಾಕಿದ್ದೆ. ಆದರೆ ನನ್ನ ಹತ್ತಿರ ಕೇಸ್ ಮುಗಿದುಹೋಗಿತ್ತು ಅಂತ ಮಿಲಿಟರಿ 7.62ರ (.308ಕ್ಕೆ ಹೋಲುವ ಸೈನ್ಯದ ತೋಟಾ) ಹಳೇ ಕೇಸ್ ತಗೊಂಡೆ. ಅವುಗಳ ಗೋಡೆ ದಪ್ಪ, ಒಳಗೆ ಜಾಗ ಕಡಿಮೆ. ಅಷ್ಟೇ ಪೌಡರ್, ಒತ್ತಡ ಮಾತ್ರ ಜಾಸ್ತಿ. ಮೂರನೇ ಗುಂಡು ಹಾರಿಸಿದ ಮೇಲೆ ಕೇಸ್ ಹೊರತೆಗೆಯಲು ಎತ್ತುವ ಬೋಲ್ಟಿನ ಹಿಡಿ ಮೇಲೇಳಲಿಲ್ಲ, ಅಂಗೈಯಿಂದ ಗುದ್ದಿ ತೆಗೆಯಬೇಕಾಯಿತು. ಹೊರಗೆ ಬಂದ ಕೇಸಿನ ಪ್ರೈಮರ್ ಚಪ್ಪಟೆಯಾಗಿ ಅಂಚಿನವರೆಗೂ ಹರಡಿತ್ತು. ಉಳಿದ ಹದಿನೇಳನ್ನೂ ಮನೆಗೆ ತಂದು ಒಂದೊಂದಾಗಿ ಬಿಚ್ಚಿದೆ.

ಈಗ ನಾನು ಮಾಡೋದು ಹೀಗೆ. ಪೌಡರ್ ಕಂಪನಿಯದ್ದೇ ಲೆಕ್ಕ ಮೊದಲು. ಹಾಜ್‌ಡನ್‌ನವರ ಲೆಕ್ಕ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆಮೇಲೆ ಬುಲೆಟ್ ಕಂಪನಿಯ ಪುಸ್ತಕ: ಹಾರ್ನಡಿ, ಸಿಯೆರಾ, ಯಾರದ್ದು ಬಳಸುತ್ತೀರೋ ಅವರದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು, ಕಡಿಮೆ ಇರುವ ಆರಂಭದ ಲೆಕ್ಕದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಮೇಲೇರುತ್ತೇನೆ. ಕೇಸ್ ಬದಲಾದರೂ, ಪೌಡರ್‌ನ ಹೊಸ ಡಬ್ಬಿ ಒಡೆದರೂ ಮತ್ತೆ ಕೆಳಗಿನಿಂದಲೇ.

ಪೌಡರ್‌ನ ಹೆಸರನ್ನು ಪೂರ್ತಿ ಓದಿ. ಎಚ್ 4895 ಬೇರೆ, ಐಎಂಆರ್ 4895 ಬೇರೆ. ಯಾರೋ ಚೀಟಿಯಲ್ಲಿ ಬರೀ 4895 ಅಂತ ಬರೆದುಕೊಟ್ಟರೆ ಆ ಚೀಟಿ ಹರಿದು ಹಾಕಿ.

ಉತ್ತರ 2: ಮೇಲಿನವರು ಹೇಳಿದ್ದು ನಿಜ. ಒಂದು ಮಾತು ಸೇರಿಸುತ್ತೇನೆ. ಕಡಿಮೆ ಹಾಕಿದರೆ ಸೇಫ್ ಅನ್ನೋದು ಎಲ್ಲಾ ಪೌಡರ್‌ಗೂ ಅಲ್ಲ. ನಾನು ಮ್ಯಾಗ್ನಮ್ ರಿವಾಲ್ವರ್‌ಗೆ ಎಚ್ 110 ಅನ್ನೋ ಪೌಡರ್ ಬಳಸುತ್ತೇನೆ. ಅದನ್ನು ಪುಸ್ತಕದ ಲೆಕ್ಕಕ್ಕಿಂತ ತುಂಬಾ ಇಳಿಸಿದರೆ ಸರಿಯಾಗಿ ಉರಿಯದೆ ಬುಲೆಟ್ ಬ್ಯಾರಲ್ಲಿನಲ್ಲೇ ಸಿಕ್ಕಿಕೊಳ್ಳಬಹುದು. ಹಿಂದೆಯೇ ಇನ್ನೊಂದು ಹಾರಿಸಿದರೆ ಕಥೆ ಮುಗೀತು. ಪುಸ್ತಕದಲ್ಲಿ ಎಷ್ಟರಿಂದ ಎಷ್ಟು ಅಂತ ಇದೆಯೋ ಅಷ್ಟರೊಳಗೇ ಇರಿ.

ಇನ್ನು ಪಿಸ್ತೂಲಿನ ಸಣ್ಣ ಲೆಕ್ಕದಲ್ಲಿ ಒಂದೇ ಕೇಸಿಗೆ ಎರಡು ಸಲ ಪೌಡರ್ ಬಿದ್ದರೂ ಹೊರಗೆ ಚೆಲ್ಲೋದಿಲ್ಲ, ಗೊತ್ತೇ ಆಗೋದಿಲ್ಲ. ಬುಲೆಟ್ ಕೂರಿಸುವ ಮುಂಚೆ ಐವತ್ತು ಕೇಸನ್ನೂ ಟಾರ್ಚ್ ಹಿಡಿದು ಇಣುಕಿ ನೋಡುತ್ತೇನೆ.

ಉತ್ತರ 3: ತಕ್ಕಡಿ ಗ್ರೇನ್‌ನಲ್ಲಿದೆಯಾ (ಪೌಡರ್ ತೂಗುವ ಸಣ್ಣ ಅಳತೆ) ಗ್ರಾಮ್‌ನಲ್ಲಿದೆಯಾ ಪ್ರತಿ ಸಲ ನೋಡಿ. ಒಂದು ಗ್ರಾಮ್ ಅಂದರೆ ಹದಿನೈದಕ್ಕೂ ಜಾಸ್ತಿ ಗ್ರೇನ್. ನನ್ನದು ಬ್ಯಾಟರಿ ಬದಲಿಸಿದ ಮೇಲೆ ತಾನಾಗೇ ಗ್ರಾಮ್‌ಗೆ ಹೋಗಿತ್ತು. ಈಗ ಪರೀಕ್ಷೆಯ ತೂಕದ ಕಲ್ಲು ಇಟ್ಟು ನೋಡದೆ ಶುರುವೇ ಮಾಡೋದಿಲ್ಲ.

ಮತ್ತೆ, ಮಡಿಕೇರಿ ಅಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ, ನಿಜ. ಆದರೆ ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ. ರಜೆಗೆ ಊರಿಗೆ ಹೋದಾಗ ಅಲ್ಲಿ ಇದನ್ನು ಮಾಡಿ ತೋರಿಸಲು ಹೋಗಬೇಡಿ.