ಪದಚರ್ಚೆ: ಪಂಪಿನ ‘ಪ್ರೈಮಿಂಗ್’ಗೆ ಕನ್ನಡ (ನಾಳೆ ಬೆಳಿಗ್ಗೆಯೊಳಗೆ ಬೇಕು)

ಮಿತ್ರರೇ,

ತುರ್ತು. ಬೋರ್ಡು ಬರೆಯುವವರು ನಾಳೆ ಹತ್ತು ಗಂಟೆಗೆ ಬರುತ್ತಾರೆ.

ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಡ್ರಮ್ಮಿನಿಂದ ಪ್ರೆಸ್ಸಿನ ಟ್ಯಾಂಕಿಗೆ ಹೈಡ್ರಾಲಿಕ್ ಎಣ್ಣೆ ಸಾಗಿಸುವ ಗೇರ್ ಪಂಪು ಇದೆ. ಅದರ ಪಕ್ಕದ ಗೋಡೆಗೆ ಹೊಸ ಸೂಚನಾ ಫಲಕ ಬೇಕು. ಈಗಿನದರಲ್ಲಿ ‘ಚಾಲನೆಗೆ ಮುನ್ನ ರೇಚಕವನ್ನು ಪೂರ್ವಸಿದ್ಧಗೊಳಿಸತಕ್ಕದ್ದು’ ಎಂದಿದೆ. ಹೊಸದಾಗಿ ಸೇರಿದ ಹುಡುಗ ಅದನ್ನು ಓದಿ, ಪಂಪನ್ನು ಬಟ್ಟೆಯಿಂದ ಫಳಫಳ ಒರೆಸಿ, ಪೈಪು ಜೋಡಿಸಿ, ಗುಂಡಿ ಒತ್ತಿದ. ಒಳಗೆ ತೊಟ್ಟು ಎಣ್ಣೆಯಿರಲಿಲ್ಲ. ಗೇರ್ ಪಂಪಿನ ಹಲ್ಲುಗಳಿಗೆ ಅದು ಸಾಗಿಸುವ ಎಣ್ಣೆಯೇ ಜಿಡ್ಡು. ಒಣಗಿ ತಿರುಗಿ ಹಲ್ಲು ಗೀರಿಹೋಯಿತು, ಎಣ್ಣೆ ಸೋರದಂತೆ ತಡೆಯುವ ಸೀಲ್ ಸುಟ್ಟಿತು. ‘ಸಿದ್ಧಗೊಳಿಸಿದ್ದೆನಲ್ಲ’ ಎಂಬುದು ಅವನ ವಾದ. ಅವನದೇನು ತಪ್ಪು?

ಕೆಳಗಿನ ಸಾಲು: ‘ತೈಲಮುದ್ರೆಯನ್ನು ಪರಿಶೀಲಿಸಿ’. ಇದು ಆಯಿಲ್ ಸೀಲ್ ಎಂದು ನನಗೆ ಹೊಳೆಯಲು ಒಂದು ದಿನ ಹಿಡಿಯಿತು. ಕೆಲಸಗಾರರು ಇಷ್ಟು ದಿನ ಡ್ರಮ್ಮಿನ ಮೇಲಿನ ಕಂಪನಿಯ ಮುದ್ರೆ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರಂತೆ.

ಪ್ರೈಮಿಂಗ್ (ಓಡಿಸುವ ಮೊದಲು ಪಂಪಿನೊಳಗೆ ಎಣ್ಣೆ ತುಂಬುವುದು), ಕ್ಯಾವಿಟೇಶನ್ (ಒತ್ತಡ ಕುಸಿದು ಎಣ್ಣೆಯಲ್ಲಿ ಗುಳ್ಳೆ ಎದ್ದು ಒಡೆಯುವುದು) ಎರಡಕ್ಕೂ ಪದ ಬೇಕು. ಸೀಲಿಗೂ ಇದ್ದರೆ ತಿಳಿಸಿ.

*ತೀರ್ಥಹಳ್ಳಿಯಿಂದ:*

ಮೊದಲು ‘ಪಂಪು’ ಬಿಡಿ, ಆದಿಕವಿಯ ಹೆಸರಿಗೆ ಬಾಲ ಹಚ್ಚಿದಂತಿದೆ. ‘ಏತ’ ಇದೆಯಲ್ಲ? ‘ಏರು’ ಬಳಗದ ಅಚ್ಚ ದ್ರಾವಿಡ ಪದ. ಸರ್ಕಾರವೇ ಏತ ನೀರಾವರಿ ಎನ್ನುತ್ತದೆ. ನಿಮ್ಮದು ಎಣ್ಣೆಯೇತ. ಪ್ರೈಮಿಂಗಿಗೆ ‘ಮುಂದುಂಬು’, ಆದೇಶಸಂಧಿ, ದಕಾರ ಬರಲೇಬೇಕು, ‘ಮುಂತುಂಬು’ ಎಂದು ಬರೆಸಬೇಡಿ. ಕ್ಯಾವಿಟೇಶನ್ನಿಗೆ ‘ಪೊಳ್ಳಾಟ’. ಡ್ರಮ್ಮು ಏಕೆ? ಪೀಪಾಯಿ ಎಂಬ ನಮ್ಮದೇ ಮಾತಿದೆ.

*ಸಾಗರದಿಂದ:*

ಏತದಲ್ಲಿ ನೀರು ಮೇಲೇರುತ್ತದೆ. ಇಲ್ಲಿ ಎಣ್ಣೆ ಅಡ್ಡಕ್ಕೆ ಹೋಗುತ್ತದೆ. ಹಳೆಯ ಫಲಕದ ‘ರೇಚಕ’ವೇ ಸರಿ. ಪ್ರಾಣಾಯಾಮದಲ್ಲಿ ಒಳಗೆಳೆಯುವುದು ಪೂರಕ, ಹೊರಬಿಡುವುದು ರೇಚಕ. ಆ ಜಾಡಿನಲ್ಲಿ ಪ್ರೈಮಿಂಗ್ ‘ಪೂರ್ವಪೂರಣ’, ಕ್ಯಾವಿಟೇಶನ್ ‘ಕುಹರಣ’. ಇನ್ನು ಎಣ್ಣೆ ಎಂಬುದು ಎಳ್ + ನೆಯ್, ಎಳ್ಳಿನ ಜಿಡ್ಡು. ಖನಿಜದ್ದಕ್ಕೆ ಅದು ಸಲ್ಲದು. ತೈಲ ಎನ್ನಿ.

*ಶಿವಮೊಗ್ಗದಿಂದ:*

ತೈಲ ಬಂದದ್ದು ತಿಲದಿಂದ. ತಿಲವೂ ಎಳ್ಳೇ. ಪೀಪಾಯಿ ಪೋರ್ಚುಗೀಸರದು. ರೇಚಕ ಕೇಳಿದರೆ ಔಷಧದ ಅಂಗಡಿಯಲ್ಲಿ ಭೇದಿ ಮಾತ್ರೆ ಕೊಡುತ್ತಾರೆ.

*ತೀರ್ಥಹಳ್ಳಿಯಿಂದ:*

ಪೋರ್ಚುಗೀಸರು ಹೋದರು, ಪೀಪಾಯಿ ಉಳಿಯಿತು. ಒಗ್ಗಿದ್ದು ನಮ್ಮದು.

*ಶಿವಮೊಗ್ಗದಿಂದ:*

ಹಾಗಾದರೆ ಪಂಪು ಒಗ್ಗದೆ ಎಲ್ಲಿ ಉಳಿದಿದೆ? ತೋಟದ ಪಂಪ್‌ಸೆಟ್ಟಿಗೆ ವಿದ್ಯುತ್ ಸಂಪರ್ಕ ಕೇಳುವಾಗ ಅರ್ಜಿಯಲ್ಲಿ ಏತ ಎಂದು ಬರೆದಿದ್ದಿರಾ?

*ಸಾಗರದಿಂದ:*

ಈ ಉಡಾಫೆಯಿಂದಲೇ ಕನ್ನಡದಲ್ಲಿ ವಿಜ್ಞಾನ ಬೆಳೆಯಲಿಲ್ಲ. ಬಂದದ್ದನ್ನೆಲ್ಲ ಹಾಗೆಯೇ ನುಂಗುವುದಾದರೆ ಪದಚರ್ಚೆ ಯಾಕೆ?

*ತೀರ್ಥಹಳ್ಳಿಯಿಂದ:*

ಬೆಳೆಯದಿರಲು ನಿಮ್ಮ ಪೂರ್ವಪೂರಣಗಳು ಕಾರಣ. ಸೀಮೆಎಣ್ಣೆ ಎಂದು ಕಟ್ಟಿದವರು ಯಾವ ಪಂಡಿತರನ್ನೂ ಕೇಳಲಿಲ್ಲ.

*ಹೊಸನಗರದಿಂದ:*

ಫಲಕ ನಾಳೆ ಬರೆಯಬೇಕಂತೆ, ಯಾರಿಗಾದರೂ ನೆನಪಿದೆಯೇ?

ನಾನು ಫಿಟ್ಟರ್ ಆಗಿದ್ದವನು, ಈಗ ಅಡಿಕೆ ತೋಟ. ಹಳ್ಳದ ಪಂಪಿನ ಫುಟ್‌ವಾಲ್ವಿಗೆ (ಹೀರುವ ಪೈಪಿನ ತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ವಾಲ್ವ್) ತರಗೆಲೆ ಸಿಕ್ಕಿಕೊಂಡು ರಾತ್ರಿಯೆಲ್ಲ ನೀರು ಇಳಿದುಹೋದರೆ, ಬೆಳಿಗ್ಗೆ ಪಂಪು ‘ಗಾಳಿ ಹಿಡಿದಿದೆ’ ಎನ್ನುತ್ತೇವೆ. ಮೇಲಿನಿಂದ ಕೊಡದಲ್ಲಿ ಹೊಯ್ದು ‘ನೀರು ಕುಡಿಸುತ್ತೇವೆ’. ನಿಮ್ಮ ಪ್ರೈಮಿಂಗ್ ಇದೇ. ‘ಪಂಪಿಗೆ ಮೊದಲು ಎಣ್ಣೆ ಕುಡಿಸಿ’ ಎಂದರೆ ಆ ಹುಡುಗ ಬಟ್ಟೆ ಹುಡುಕುವುದಿಲ್ಲ, ಎಣ್ಣೆ ಹುಡುಕುತ್ತಾನೆ.

ಕ್ಯಾವಿಟೇಶನ್ನಿಗೆ ಹೆಸರೇ ಬೇಡ. ಹೀರುವ ಕಡೆಯ ಜಾಲರಿ ಕಟ್ಟಿಕೊಂಡಾಗಲೋ, ಆಷಾಢದ ಥಂಡಿಯಲ್ಲಿ ಎಣ್ಣೆ ಮಂದವಾದಾಗಲೋ, ಪಂಪು ಎಳೆಯುವಷ್ಟು ಎಣ್ಣೆ ಬಂದು ಸೇರುವುದಿಲ್ಲ. ಒತ್ತಡ ಕುಸಿದು ಗುಳ್ಳೆ ಏಳುತ್ತದೆ. ಅದು ಹಲ್ಲಿನ ಬಳಿ ಒಡೆದು ಲೋಹವನ್ನು ಚೂರುಚೂರೇ ತಿನ್ನುತ್ತದೆ. ಕಣ್ಣಿಗೆ ಕಾಣದು, ಕಿವಿಗೆ ಸಿಗುತ್ತದೆ: ಪಂಪಿನ ಹೊಟ್ಟೆಯಲ್ಲಿ ಜಲ್ಲಿ ಉರುಳಿದ ಸದ್ದು. ಸದ್ದನ್ನೇ ಬರೆಸಿ.

ನೀವು ಕೇಳದ ಎರಡು ವಿಷಯ. ನನ್ನ ತೋಟದ್ದು ಸೆಂಟ್ರಿಫ್ಯೂಗಲ್, ಒಳಗಿನ ಚಕ್ರ ತಿರುಗಿ ನೀರನ್ನು ಹೊರಕ್ಕೆಸೆಯುವ ಪಂಪು. ಹೊರಗಡೆಯ ವಾಲ್ವ್ ಸ್ವಲ್ಪ ಹೊತ್ತು ಮುಚ್ಚಿದರೂ ಒಳಗಿನ ನೀರನ್ನೇ ಕಡೆಯುತ್ತಾ ಇರುತ್ತದೆ. ಗೇರ್ ಪಂಪು ಹಾಗಲ್ಲ. ಪ್ರತಿ ಸುತ್ತಿಗೂ ಅಷ್ಟು ಎಣ್ಣೆಯನ್ನು ತಳ್ಳಿಯೇ ತೀರುತ್ತದೆ. ದಾರಿ ಮುಚ್ಚಿದ್ದರೆ, ಒತ್ತಡ ಮೀರಿದಾಗ ತಾನೇ ತೆರೆದುಕೊಳ್ಳುವ ರಿಲೀಫ್ ವಾಲ್ವ್ ತೆರೆದುಕೊಳ್ಳಬೇಕು, ಇಲ್ಲವಾದರೆ ಹೋಸ್ ಸಿಡಿಯಬೇಕು. ಇದನ್ನು ಕೆಂಪಕ್ಷರದಲ್ಲಿ ಹಾಕಿಸಿ.

ಇನ್ನೊಂದು, ನಮ್ಮ ಮಳೆ. 200 ಲೀಟರಿನ ಡ್ರಮ್ಮನ್ನು ಹೊರಗೆ ನಿಲ್ಲಿಸಿದರೆ ಮುಚ್ಚಳದ ಮೇಲೆ ನೀರು ನಿಲ್ಲುತ್ತದೆ. ಹಗಲಿನ ಬಿಸಿಗೆ ಹಿಗ್ಗಿದ ಒಳಗಿನ ಗಾಳಿ ರಾತ್ರಿ ಕುಗ್ಗುವಾಗ, ಬಿರಡೆಯ ಸಂದಿನಿಂದ ಆ ನೀರನ್ನು ಒಳಗೆಳೆಯುತ್ತದೆ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಇದೇ ಕಥೆ. ಡ್ರಮ್ಮನ್ನು ಮಲಗಿಸಿ, ಎರಡೂ ಬಿರಡೆ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರುವಂತೆ ಇಡಿ. ಆಗ ಒಳಗಿನಿಂದ ಎಣ್ಣೆಯೇ ಅವುಗಳಿಗೆ ಒತ್ತಿಕೊಂಡಿರುತ್ತದೆ.

ಸೀಲ್ ಎಂದರೆ ಸೀಲ್. ಅಂಗಡಿಯಲ್ಲಿ ಕೇಳಿದರೆ ಸಿಗುವ ಹೆಸರು ಫಲಕದಲ್ಲೂ ಇರಲಿ.

*ಮಾಚೇನಹಳ್ಳಿಯಿಂದ:*

ಧನ್ಯವಾದಗಳು. ಬೋರ್ಡಿನವರಿಗೆ ಕೊಟ್ಟದ್ದು ಇದು:

‘ಪಂಪಿಗೆ ಮೊದಲು ಎಣ್ಣೆ ಕುಡಿಸಿ, ಆಮೇಲೆ ಗುಂಡಿ ಒತ್ತಿ. ಹೊರಗಡೆಯ ವಾಲ್ವ್ ಮುಚ್ಚಿ ಓಡಿಸಬೇಡಿ. ಜಲ್ಲಿ ಉರುಳಿದ ಸದ್ದು ಬಂದರೆ ನಿಲ್ಲಿಸಿ, ಜಾಲರಿ ನೋಡಿ. ಸೀಲಿನಿಂದ ಎಣ್ಣೆ ಜಿನುಗುತ್ತಿದ್ದರೆ ಫಿಟ್ಟರಿಗೆ ತಿಳಿಸಿ. ಎಣ್ಣೆ ಬೆಳ್ಳಗಿದ್ದರೆ ಟ್ಯಾಂಕಿಗೆ ಹಾಕಬೇಡಿ.’

ಎರಡನೆಯ ಸಾಲು ಕೆಂಪು. ಹುಡುಗನ ಕೈಯಲ್ಲೇ ಓದಿಸಿದೆ. ‘ಎಷ್ಟು ಕುಡಿಸಬೇಕು?’ ಎಂದು ಕೇಳಿದ. ಒಳಬಾಯಿಯ ಅಂಚಿನವರೆಗೆ ಎಂದು ಸೇರಿಸಿದ್ದೇನೆ. ಫಲಕ ಸಂಜೆಯೊಳಗೆ ಒಣಗುತ್ತದೆ.

*ತೀರ್ಥಹಳ್ಳಿಯಿಂದ:*

‘ಫಲಕ’ ಸಂಸ್ಕೃತ. ಹಲಗೆ ಎನ್ನಿ.

*ಸಾಗರದಿಂದ:*

ಹಲಗೆ ಫಲಕದ ತದ್ಭವ.