ಆರು ಗಂಟೆ ಒದ್ದಾಡಿದ್ದು ತಪ್ಪಾ, ಕೇಳಿದ್ದು ತಪ್ಪಾ?

ಪ್ರಶ್ನೆ:
ಸರ್, ನೆಟ್‌ವರ್ಕ್ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಹೋದ ವಾರ ಎರಡು ರೂಟರ್ ನಡುವೆ ಹೊಸ ಲಿಂಕ್ ಹಾಕಿದೆ. ಪಿಂಗ್ (ಆ ಕಡೆ ತಲುಪುತ್ತಾ ಅಂತ ನೋಡುವ ಪರೀಕ್ಷೆ) ಹೋಗುತ್ತಿತ್ತು, ಆದರೆ ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳನ್ನು ಒಂದಕ್ಕೊಂದು ತಿಳಿಸುವ ವಿಧಾನ) ಎಕ್ಸ್‌ಸ್ಟಾರ್ಟ್ ಅನ್ನುವ ನಡುವಿನ ಹಂತದಲ್ಲೇ ನಿಂತುಬಿಟ್ಟಿತು, ಕೊನೆಯ ಹಂತವಾದ ಫುಲ್ ಆಗಲೇ ಇಲ್ಲ. ಅದರ ಏರಿಯಾ, ಟೈಮರ್ ಸೆಟ್ಟಿಂಗ್ ನೋಡಿದೆ, ಕೇಬಲ್ ಬದಲಾಯಿಸಿದೆ, ಕೊನೆಗೆ ರೂಟರನ್ನೇ ರೀಬೂಟ್ ಮಾಡಿದೆ. ಆರು ಗಂಟೆ ಹೋಯಿತು. ಆಮೇಲೆ ಒಂದು ಆನ್‌ಲೈನ್ ಗುಂಪಿನಲ್ಲಿ ಕೇಳಿದೆ. ಒಬ್ಬರು "ಎಂಟಿಯು ನೋಡಿ" ಅಂತ ಎರಡೇ ಪದ ಬರೆದರು. ಎಂಟಿಯು ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ನೋಡಿದರೆ ಈ ಕಡೆ 1500 ಬೈಟ್, ಆ ಕಡೆ 9000. ಇನ್ನೊಬ್ಬರು "ಮೊದಲು ಮ್ಯಾನುಯಲ್ ಓದಿ ಬನ್ನಿ" ಅಂದರು. ಆಫೀಸಿನಲ್ಲಿ ಸೀನಿಯರ್ ಒಬ್ಬರು "ಇಷ್ಟಕ್ಕೆಲ್ಲ ಹೊರಗೆ ಕೇಳ್ತಾರಾ" ಅಂತ ನಕ್ಕರು, ಮ್ಯಾನೇಜರ್ "ಆರು ಗಂಟೆ ಬಾಯಿ ಮುಚ್ಚಿಕೊಂಡು ಯಾಕೆ ಕೂತಿದ್ದೆ" ಅಂತ ಬೈದರು. ಯಾರ ಮಾತು ಸರಿ?

ಉತ್ತರ:
ಮ್ಯಾನೇಜರ್ ಮಾತು ಸರಿ, ಆದರೆ ಬೈಯಬೇಕಿರಲಿಲ್ಲ.

ಆ ಆರು ಗಂಟೆಯನ್ನೇ ಬಿಡಿಸಿ ನೋಡಿ. ಮೊದಲು ಏರಿಯಾ, ಟೈಮರ್ ಅಂತ ನೋಡಿದ್ದು ಒಳ್ಳೆಯ ಕೆಲಸ. ಕೇಬಲ್ ಬದಲಾಯಿಸಿದಾಗಲೇ ನಿಮ್ಮ ಹತ್ತಿರ ಹೊಸ ಯೋಚನೆ ಖಾಲಿಯಾಗಿತ್ತು, ಯಾಕೆಂದರೆ ಪಿಂಗ್ ಹೋಗುವ ಕೇಬಲ್ಲನ್ನು ಯಾರೂ ಸುಮ್ನೆ ಬದಲಾಯಿಸುವುದಿಲ್ಲ. ಕೇಳಬೇಕಾದ ಹೊತ್ತು ಅದು. ಗಡಿಯಾರ ಇಟ್ಟುಕೊಂಡು ಅರ್ಧ ಗಂಟೆ, ಒಂದು ಗಂಟೆ ಅಂತ ಹೇಳುವವರಿದ್ದಾರೆ, ನಾನು ಹೇಳುವುದಿಲ್ಲ. ಅದೇ ಕಮಾಂಡನ್ನು ಮೂರನೇ ಸಲ ಹೊಡೆಯುತ್ತಿದ್ದೀರಾ? ಹಾಗಾದರೆ ಕೇಳಿ. ಲಿಂಕ್ ಹೊಸದು, ಯಾರ ಕೆಲಸವೂ ನಿಂತಿಲ್ಲ ಅಂದರೆ ಇನ್ನೂ ಸ್ವಲ್ಪ ಅಗೆಯಿರಿ, ಅದು ಕಲಿಕೆ. ಜನ ಕೈಕಟ್ಟಿ ಕೂತಿದ್ದಾರೆ ಅಂದರೆ ನಿಮ್ಮ ಕಲಿಕೆಗೆ ಅವರು ದುಡ್ಡು ಕೊಡುತ್ತಿದ್ದಾರೆ ಅಂತ ಅರ್ಥ, ಆಗ ಹತ್ತು ನಿಮಿಷವೂ ಜಾಸ್ತಿ.

ನನ್ನದೂ ಒಂದು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ವಿಚ್ಚಿನ ಒಂದು ಟ್ರಂಕ್ ಪೋರ್ಟಿಗೆ (ಹಲವು ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚಿನೊಳಗಿನ ಬೇರೆ ಬೇರೆ ನೆಟ್‌ವರ್ಕ್, ಒಟ್ಟಿಗೆ ಸಾಗುವ ಪೋರ್ಟ್) ವಿಲ್ಯಾನ್ 30 ಸೇರಿಸಬೇಕಿತ್ತು. "ಅಲೋಡ್ ವಿಲ್ಯಾನ್" ಆದಮೇಲೆ "ಆ್ಯಡ್" ಅನ್ನುವ ಒಂದು ಪದ ಬರೆಯಲಿಲ್ಲ. 30 ಮಾತ್ರ ಉಳಿದು ಮಿಕ್ಕ ವಿಲ್ಯಾನ್ ಎಲ್ಲ ಹಾರಿಹೋದವು, ಸ್ವಿಚ್ಚಿಗೆ ನಾನು ಒಳಹೋಗಿದ್ದ ವಿಲ್ಯಾನ್ ಕೂಡ. ಪರದೆ ಮೇಲೆ ಕರ್ಸರ್ ಹಾಗೇ ನಿಂತಿತು. ಎಂಟರ್ ಒತ್ತಿದೆ, ಮತ್ತೆ ಒತ್ತಿದೆ. ಪಕ್ಕದಲ್ಲಿದ್ದ ಹಿರಿಯರು "ಕೊನೆಗೆ ಏನು ಹೊಡೆದೆ?" ಅಂದರು. "ಏನೂ ಇಲ್ಲ ಸರ್" ಅಂದೆ. ಆ ಒಂದು ಸುಳ್ಳಿಂದ ನಲವತ್ತು ನಿಮಿಷ ಎಲ್ಲರೂ ಫೈಬರ್ ಕೇಬಲ್ಲಿನಲ್ಲಿ ತಪ್ಪು ಹುಡುಕಿದರು. ಗೊತ್ತಿಲ್ಲದ್ದಕ್ಕೆ ಯಾರೂ ಬೈಯಲಿಲ್ಲ, ಮುಚ್ಚಿಟ್ಟದ್ದಕ್ಕೆ ಚೆನ್ನಾಗಿ ಬೈದರು. ಈಗ ಟ್ರಂಕ್ ಮುಟ್ಟುವ ಮೊದಲು "ರೀಲೋಡ್ ಇನ್ 10" ಹಾಕುತ್ತೇನೆ. ಕೈ ತಪ್ಪಿದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗಿ ಸೇವ್ ಆಗಿದ್ದ ಹಳೆಯ ಕಾನ್ಫಿಗ್‌ಗೆ (ಸೆಟ್ಟಿಂಗ್‌ಗಳಿಗೆ) ಬರುತ್ತದೆ. ಸರಿಹೋದರೆ ಅದನ್ನು ಕ್ಯಾನ್ಸಲ್ ಮಾಡುವುದು ಮರೆಯಬೇಡಿ, ಅದೂ ಒಂದು ಸಲ ಆಗಿದೆ ನನಗೆ.

ಇನ್ನು ಕೇಳುವ ರೀತಿ. "ಓಎಸ್‌ಪಿಎಫ್ ಬರ್ತಿಲ್ಲ, ಅರ್ಜೆಂಟ್, ಹೆಲ್ಪ್ ಮಾಡಿ" ಅಂತ ಬರೆದರೆ ಮ್ಯಾನುಯಲ್ ಓದಿ ಅಂತಲೇ ಉತ್ತರ ಬರುತ್ತದೆ, ಅವರ ತಪ್ಪೂ ಅಲ್ಲ. ಯಾವ ಸಾಧನ, ಕೊನೆಗೆ ಬದಲಾದದ್ದು ಏನು, ಏನೇನು ನೋಡಿದಿರಿ, ಏನು ಬಂತು, ಇಷ್ಟು ಹಾಕಿ. ಔಟ್‌ಪುಟ್ ಅಕ್ಷರದಲ್ಲಿ ಹಾಕಿ, ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋ ಬೇಡ. ಹೀಗೆ ಬರೆಯುತ್ತಾ ಕೂತರೆ ಎಷ್ಟೋ ಸಲ ಕಳಿಸುವ ಮೊದಲೇ ತಪ್ಪು ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಅಲ್ಲೇ ಇನ್ನೊಬ್ಬರು "ಎಂಟಿಯು ಇಗ್ನೋರ್ ಅಂತ ಒಂದು ಕಮಾಂಡ್ ಇದೆ, ಹಾಕಿಬಿಡಿ" ಅಂದಿದ್ದರು. ಅದನ್ನೇ ಹಾಕಿದ್ದರೆ?

ಉತ್ತರ:
ಓಎಸ್‌ಪಿಎಫ್ ಫುಲ್ ಆಗುತ್ತಿತ್ತು, ನೀವು ಖುಷಿಯಾಗಿ ಮನೆಗೆ ಹೋಗುತ್ತಿದ್ದಿರಿ. ತೊಂದರೆ ಅಲ್ಲೇ ಇರುತ್ತಿತ್ತು. ರೂಟರ್‌ಗಳು ಪರಿಚಯಕ್ಕೆ ಕಳಿಸುವ ಹಲೋ ಪ್ಯಾಕೆಟ್ ಚಿಕ್ಕದು, ಹಾಗಾಗಿ ಎರಡೂ ಕಡೆ ಒಬ್ಬರಿಗೊಬ್ಬರು ಕಾಣುತ್ತಾರೆ. ನೀವು ಕೊಟ್ಟ ಪಿಂಗ್ ಕೂಡ ಚಿಕ್ಕದು, ಸಿಸ್ಕೋ ರೂಟರಿನಲ್ಲಿ ಸುಮ್ನೆ ಪಿಂಗ್ ಅಂದರೆ 100 ಬೈಟ್. ಆಮೇಲೆ ಡಿಬಿಡಿ (ತಮ್ಮಲ್ಲಿರುವ ಮಾಹಿತಿಯ ಪಟ್ಟಿ ಕೊಡುವ) ಪ್ಯಾಕೆಟ್‌ನಲ್ಲಿ ತಂತಮ್ಮ ಎಂಟಿಯು ಹೇಳಿಕೊಳ್ಳುತ್ತವೆ. 1500 ಕಡೆಯದು 9000 ಅಂತ ಕೇಳಿದ ಕೂಡಲೇ ಆ ಪ್ಯಾಕೆಟ್ ಬಿಸಾಡುತ್ತದೆ. ಇಗ್ನೋರ್ ಅಂದರೆ ಆ ತಪಾಸಣೆಯನ್ನೇ ಬಿಟ್ಟಂತೆ. ನಾಳೆ ದೊಡ್ಡ ಪ್ಯಾಕೆಟ್ ಬಂದಾಗ ಅದು ಮಧ್ಯೆ ಮಾಯವಾಗುತ್ತದೆ, ಆ ತೊಂದರೆ ಹುಡುಕಲು ಆರು ಗಂಟೆ ಸಾಲದು. ಕೇಳಿ, ಆದರೆ ಸಿಕ್ಕ ಕಮಾಂಡ್ ಏನು ಮಾಡುತ್ತದೆ ಅಂತ ನಿಮ್ಮ ಬಾಯಲ್ಲಿ ಹೇಳಲು ಬರುವವರೆಗೂ ಹಾಕಬೇಡಿ. ಮ್ಯಾನುಯಲ್ ಬೇಕಾಗುವುದು ಇಲ್ಲಿ.

ಮತ್ತೊಬ್ಬ ಸದಸ್ಯರು:
ನನ್ನ ಅನುಭವ ಹನ್ನೆರಡು ವರ್ಷ. ಜೂನಿಯರ್‌ಗಳು ಇರುವ ಗುಂಪಿನಲ್ಲಿ ಕೇಳಲು ನಾಚಿಕೆ ಆಗುತ್ತದೆ ಸರ್. ಜೊತೆಗೆ ಕಂಪನಿ ಕಾನ್ಫಿಗ್ ಹೊರಗೆ ಹಾಕುವ ಭಯ ಬೇರೆ.

ಉತ್ತರ:
ನಾಚಿಕೆಗೆ ನನ್ನ ಹತ್ತಿರ ಔಷಧಿ ಇಲ್ಲ, ನನಗೂ ಇದೆ. ಒಂದು ಸಲ ನೀವು ಕೇಳಿ ನೋಡಿ, ನಿಮ್ಮ ಜೂನಿಯರ್‌ಗಳು ಮಾರನೇ ದಿನದಿಂದ ಮುಚ್ಚಿಡುವುದು ಕಡಿಮೆ ಮಾಡುತ್ತಾರೆ.

ಭಯ ಮಾತ್ರ ಸರಿಯಾದದ್ದೇ. ಮೊದಲು ಕಂಪನಿ ನಿಯಮ ಏನು ನೋಡಿ. ಹಾಕಬಹುದು ಅಂತಿದ್ದರೆ ಪಾಸ್‌ವರ್ಡ್ ಸಾಲು, ಎಸ್ಎನ್ಎಂಪಿ ಕಮ್ಯುನಿಟಿ (ಸಾಧನದ ಸ್ಥಿತಿಯನ್ನು ದೂರದಿಂದ ನೋಡಲು ಬಳಸುವ ಗುಟ್ಟಿನ ಪದ) ಪೂರ್ತಿ ತೆಗೆಯಿರಿ. ಸಿಸ್ಕೋ ಕಾನ್ಫಿಗ್‌ನಲ್ಲಿ ಬರುವ ಟೈಪ್ 7 ಪಾಸ್‌ವರ್ಡ್ ಕಲಸಿದಂತೆ ಕಾಣುತ್ತದೆ ಅಷ್ಟೇ, ಕ್ಷಣದಲ್ಲಿ ಬಿಚ್ಚಬಹುದು. ಪಬ್ಲಿಕ್ ವಿಳಾಸದ ಜಾಗಕ್ಕೆ 203.0.113.0/24 ಬಳಸಿ, ಉದಾಹರಣೆ ಬರೆಯಲೆಂದೇ ಮೀಸಲಿಟ್ಟ ವಿಳಾಸ ಅದು. ಒಂದು ವಿಳಾಸಕ್ಕೆ ಎಲ್ಲ ಕಡೆಯೂ ಒಂದೇ ಬದಲಿ ಇರಲಿ, ಮಾಸ್ಕ್ (ನೆಟ್‌ವರ್ಕ್ ಎಷ್ಟು ದೊಡ್ಡದು ಅಂತ ಹೇಳುವ /24 ಥರದ ಭಾಗ) ಮುಟ್ಟಬೇಡಿ. ಒಬ್ಬರು ವಿಳಾಸ ಮರೆಮಾಡುವಾಗ ತಪ್ಪಾಗಿದ್ದ ಮಾಸ್ಕನ್ನೂ ಅಂದವಾಗಿ /24 ಮಾಡಿ ಹಾಕಿದ್ದರು, ನಾವು ಎಂಟು ಜನ ಒಂದು ಸಂಜೆ ಪೂರ್ತಿ ಇಲ್ಲದ ತಪ್ಪು ಹುಡುಕಿದೆವು.